ಕಡಲದಾರಿಯ ಒಳಮಗ್ಗುಲು

ಕಡಲಂಚಿನ ಚಾರಣದ ದಾರಿಯೊಂದನ್ನು ಯಾರಾದರೂ ಹೊಗಳಿದರೆ ನಾವು ಸಾಮಾನ್ಯವಾಗಿ ಕೇಳುವುದು ಮೂರೇ ಪ್ರಶ್ನೆ: ಎಷ್ಟು ಉದ್ದ, ಎಷ್ಟು ಏರು, ಸಮುದ್ರ ಹೇಗೆ ಕಾಣುತ್ತದೆ. ಕಾಲು ಸವೆಸಿದವರು ನಾಲ್ಕನೆಯದೊಂದನ್ನೂ ಕೇಳುತ್ತಾರೆ. ಸಮುದ್ರಕ್ಕೆ ಬೆನ್ನು ಮಾಡಿ ನಿಂತರೆ ಏನು ಕಾಣುತ್ತದೆ, ಆ ನೆಲ ಯಾರದು? ಕಡಲದಾರಿಯ ಗುಣ ತೀರ್ಮಾನವಾಗುವುದು ಈ ಒಳಮಗ್ಗುಲಲ್ಲಿ ಎಂಬುದು ನನ್ನ ವಾದ. ಸಮುದ್ರವನ್ನು ಯಾರೂ ಸೈಟು ಮಾಡಿ ಮಾರಲಾರರು, ಅದು ತನ್ನ ಪಾಡಿಗೆ ಇರುತ್ತದೆ. ಕೈತಪ್ಪಿ ಹೋಗುವುದು ಇನ್ನೊಂದು ಪಕ್ಕ. ಇದಕ್ಕೆ ಇಂಗ್ಲೆಂಡಿನ ನೈಋತ್ಯ ಕರಾವಳಿಯಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಅಲ್ಲಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಸಾಮರ್‌ಸೆಟ್‌ನ ಮೈನ್‌ಹೆಡ್‌ನಲ್ಲಿ ಹೊರಟು, ಡೆವನ್ ಮತ್ತು ಕಾರ್ನ್‌ವಾಲ್ ಬಳಸಿಕೊಂಡು, ಡಾರ್ಸೆಟ್‌ನ ಪೂಲ್ ಬಂದರಿನ ಬಾಯಿಗೆ ಬಂದು ಮುಗಿಯುತ್ತದೆ. ಒಟ್ಟು 630 ಮೈಲಿ, ಅಂದರೆ ಸಾವಿರ ಕಿಲೋಮೀಟರಿಗೆ ತುಸು ಹೆಚ್ಚು. ಏರುಗಳನ್ನೆಲ್ಲ ಕೂಡಿದರೆ ನಾಲ್ಕು ಎವರೆಸ್ಟ್ ಹತ್ತಿದ ಲೆಕ್ಕ. ಇದು ಪ್ರವಾಸಿಗರಿಗಾಗಿ ಹಾಕಿದ ದಾರಿಯಲ್ಲ. ಬ್ರಾಂದಿ, ಚಹಾ, ತಂಬಾಕು ಕದ್ದು ಸಾಗಿಸುವವರನ್ನು ಹಿಡಿಯಲು ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿ ಕಾವಲಿನವರು ರಾತ್ರಿಯೆಲ್ಲ ತಿರುಗುತ್ತಿದ್ದ ಗಸ್ತಿನ ಜಾಡು ಇದರ ಮೂಲ. ಒಂದೊಂದು ಕೊರಕಲನ್ನೂ ಬಗ್ಗಿ ನೋಡಬೇಕಾಗಿದ್ದರಿಂದ ಜಾಡು ಬಂಡೆಯಂಚನ್ನು ಬಿಟ್ಟು ಅಲುಗಲಿಲ್ಲ. ಹಳ್ಳ ಬಂದಲ್ಲೆಲ್ಲ ಕೆಳಗಿಳಿದು ಮತ್ತೆ ಮೇಲೇರುವ ಸುಸ್ತಿಗೆ ಇಂದಿನ ಚಾರಣಿಗರು ಆ ಕಳ್ಳಸಾಗಣೆದಾರರನ್ನೇ ಶಪಿಸಬೇಕು. 1949ರ ರಾಷ್ಟ್ರೀಯ ಉದ್ಯಾನಗಳ ಕಾಯ್ದೆಯ ಬಲದಿಂದ ಸರ್ಕಾರ ಈ ಜಾಡುಗಳನ್ನು ಜೋಡಿಸತೊಡಗಿತು. ಕಾರ್ನ್‌ವಾಲ್ ಭಾಗ 1973ರಲ್ಲಿ ತೆರೆಯಿತು, ಪೂರ್ತಿ ದಾರಿ 1978ರಲ್ಲಿ.

ಆದರೆ ಚಾರಣಿಗರಿಗೆ ಕಾಯ್ದೆ ಕೊಟ್ಟದ್ದು ಒಂದು ಗೆರೆಯನ್ನು ಮಾತ್ರ, ಹಾದುಹೋಗುವ ಹಕ್ಕನ್ನು. ಗೆರೆಯಾಚೆಯ ಹೊಲದಲ್ಲಿ ಯಜಮಾನ ಏನು ಮಾಡುತ್ತಾನೆ ಎಂಬುದು ಆ ಹಕ್ಕಿನ ಕಕ್ಷೆಗೆ ಬರುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ ಕಾರು, ರಜೆ ಎರಡೂ ಸಾಮಾನ್ಯರ ಕೈಗೆ ಬಂದಾಗ ಆ ಹೊಲಗಳಲ್ಲಿ ಕ್ಯಾರವಾನ್ ಸಾಲುಗಳೂ ರಜಾ ಬಂಗಲೆಗಳೂ ಎದ್ದವು. ನೆಲವನ್ನೇ ಕೊಂಡು ಇದಕ್ಕೆ ಎದುರಾಗಿ ನಿಂತದ್ದು ಸರ್ಕಾರವಲ್ಲ, ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ. 1895ರಲ್ಲಿ ಹುಟ್ಟಿದ ಅದಕ್ಕೆ ದಾನವಾಗಿ ಬಂದ ಮೊದಲ ಆಸ್ತಿಯೇ ವೇಲ್ಸ್‌ನ ಬಾರ್ಮತ್ ಊರಿನ ಮೇಲೆ ಕಡಲಿಗೆ ಮುಖಮಾಡಿದ ನಾಲ್ಕೂವರೆ ಎಕರೆ ಗುಡ್ಡ. 1907ರ ಕಾಯ್ದೆ ಅದಕ್ಕೊಂದು ಅಪರೂಪದ ಅಧಿಕಾರ ಕೊಟ್ಟಿತು: ಪರಭಾರೆ ಮಾಡಲಾಗದ್ದು ಎಂದು ಟ್ರಸ್ಟ್ ಘೋಷಿಸಿದ ನೆಲವನ್ನು ಮುಂದೆ ಟ್ರಸ್ಟೇ ಮನಸ್ಸು ಮಾಡಿದರೂ ಮಾರುವಂತಿಲ್ಲ. 1965ರಲ್ಲಿ ಟ್ರಸ್ಟ್ ‘ಎಂಟರ್‌ಪ್ರೈಸ್ ನೆಪ್ಚೂನ್’ ಎಂಬ ಹೆಸರಿನಲ್ಲಿ ಚಂದಾ ಎತ್ತಿ ಕರಾವಳಿಯನ್ನು ಖರೀದಿಸಲು ಹೊರಟಿತು. ಇಂದು ಅದರ ಸುಪರ್ದಿಯಲ್ಲಿರುವ ಕಡಲತೀರ 780 ಮೈಲಿಗೂ ಹೆಚ್ಚು. ನೈಋತ್ಯದ ಈ ದಾರಿಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅದರ ನೆಲದ ಮೇಲೆ ಹಾಯುತ್ತದೆ.

ಇದರಿಂದ ಆಗುವ ವ್ಯತ್ಯಾಸಕ್ಕೆ ನಕ್ಷೆ ಬೇಕಿಲ್ಲ. ಬರೀ ಗೆರೆಯ ಹಕ್ಕಿರುವ ಕಡೆ ಒಂದು ಬದಿಗೆ ತಂತಿ ಬೇಲಿ, ಇನ್ನೊಂದು ಬದಿಗೆ ಪ್ರಪಾತ, ಎದುರಿನಿಂದ ಯಾರಾದರೂ ಬಂದರೆ ಮೈ ಓರೆ ಮಾಡಿ ನಿಲ್ಲಬೇಕು. ಪಶ್ಚಿಮ ಕಾರ್ನ್‌ವಾಲ್‌ನ ಜೆನರ್ ಸುತ್ತಮುತ್ತ ಹಾಗಲ್ಲ. ಇತಿಹಾಸಪೂರ್ವ ಕಾಲದಲ್ಲಿ ಕಟ್ಟಿದ ಕಲ್ಲಿನ ಗೋಡೆಗಳೇ ಇಂದಿಗೂ ಹೊಲದ ಗಡಿ. ಆ ಕಡೆಯ ತಡಮೆಯೊಂದನ್ನು ಹತ್ತಿರದಿಂದ ನೋಡಬೇಕು: ಗೋಡೆಯ ಸಂದಿನಲ್ಲಿ ಒಂದು ಗುಂಡಿ, ಗುಂಡಿಯ ಮೇಲೆ ಅಡ್ಡಡ್ಡ ಮಲಗಿಸಿದ ನಾಲ್ಕಾರು ಗ್ರಾನೈಟ್ ತೊಲೆಗಳು, ತೊಲೆಗಳ ನಡುವೆ ಗೊರಸು ಸಿಕ್ಕಿಕೊಳ್ಳುವಷ್ಟು ಕಂಡಿ. ದನ ಹೆದರಿ ಹಿಂದೆ ಸರಿಯುತ್ತದೆ, ಮನುಷ್ಯ ದಾಟಿಕೊಂಡು ಹೋಗುತ್ತಾನೆ. ಬಾಗಿಲಿಲ್ಲ, ಚಿಲಕವಿಲ್ಲ, ತೆರೆದಿಟ್ಟು ಹೋದರೆಂಬ ಜಗಳವೂ ಇಲ್ಲ. ಒಳಮಗ್ಗುಲಲ್ಲಿ ಬೇಸಾಯ ಬದುಕಿದ್ದರಷ್ಟೇ ಇಂಥ ತಡಮೆಗೆ ಅಲ್ಲಿ ಕೆಲಸವಿರುತ್ತದೆ.

ಒಳಮಗ್ಗುಲು ಮುಖ್ಯವಾಗಲು ಇನ್ನೊಂದು ಕಾರಣ ಸೌಂದರ್ಯದ್ದಲ್ಲ, ಭೂವಿಜ್ಞಾನದ್ದು. ಡಾರ್ಸೆಟ್‌ನ ಜೇಡಿ, ಸುಣ್ಣಕಲ್ಲಿನ ಬಂಡೆಗಳು ಮಳೆ ಕುಡಿದು ಕುಸಿಯುತ್ತಲೇ ಇರುತ್ತವೆ. ಇಂಗ್ಲೆಂಡಿನ ಹಳೆಯ ಕಾನೂನಿನ ಪ್ರಕಾರ ಕಾಲುದಾರಿ ಸಮುದ್ರಕ್ಕೆ ಬಿದ್ದರೆ ನಡೆಯುವ ಹಕ್ಕೂ ಅದರೊಂದಿಗೆ ಮುಳುಗುತ್ತಿತ್ತು. ಹೊಸ ದಾರಿಗೆ ಪಕ್ಕದ ಜಮೀನುದಾರನೊಂದಿಗೆ ಮತ್ತೆ ಮೊದಲಿನಿಂದ ಚೌಕಾಸಿ, ಅಲ್ಲಿಯತನಕ ಚಾರಣಿಗರಿಗೆ ಡಾಂಬರು ರಸ್ತೆಯೇ ಗತಿ. ಒಳಮಗ್ಗುಲು ಟ್ರಸ್ಟಿನದಾದರೆ ಬೇಲಿಯ ಗೂಟ ಕಿತ್ತು ಕೆಲವು ಗಜ ಹಿಂದೆ ನೆಟ್ಟರೆ ಆಯಿತು. 2009ರ ಕರಾವಳಿ ಪ್ರವೇಶ ಕಾಯ್ದೆ ಈ ಪಾಠ ಕಲಿತಿದೆ. ಇಂಗ್ಲೆಂಡಿನ ಇಡೀ ತೀರಕ್ಕೆ ದಾರಿ ಹಾಕಲು ಹೊರಟ ಅದು, ಅಂಚು ಸವೆದಂತೆ ದಾರಿಯೂ ಹಿಂದೆ ಸರಿಯಲು ಅವಕಾಶ ಇಟ್ಟುಕೊಂಡಿತು, ದಾರಿಯಿಂದ ಸಮುದ್ರದವರೆಗಿನ ನೆಲದಲ್ಲಿ ಓಡಾಡುವ ಹಕ್ಕನ್ನೂ ಸೇರಿಸಿತು. ಆದರೂ ಮನೆ, ಹಿತ್ತಲುಗಳನ್ನು ಹೊರಗಿಟ್ಟದ್ದರಿಂದ ಬಂಗಲೆಗಳ ಸಾಲು ಅಡ್ಡಬಂದಲ್ಲಿ ದಾರಿ ಸುತ್ತಿಯೇ ಹೋಗಬೇಕು. ಫ್ರಾನ್ಸ್ ಈ ವಿಷಯದಲ್ಲಿ ಜಾಣ. 1975ರಲ್ಲಿ ತೀರದ ನೆಲ ಕೊಳ್ಳಲು ಸಂಸ್ಥೆಯೊಂದನ್ನು ಕಟ್ಟಿ, ಮರುವರ್ಷವೇ ಖಾಸಗಿ ಜಮೀನಿನ ಕಡಲಂಚಿನಲ್ಲಿ ಮೂರು ಮೀಟರ್ ಅಗಲದ ನಡೆದಾರಿಯನ್ನು ಕಾನೂನಾಗಿಸಿತು.

ಇಷ್ಟೊಂದು ಜನರನ್ನು ನಡೆಸಿ ಯಾವ ಸಂರಕ್ಷಣೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಲ್ಲ. ಲಿಜರ್ಡ್ ಭೂಶಿರದ ಕೈನಾನ್ಸ್ ಕೊಲ್ಲಿಯಲ್ಲಿ ಸರ್ಪೆಂಟೈನ್ ಕಲ್ಲು ಕಾಲಿನ ಉಜ್ಜಾಟಕ್ಕೆ ಗಾಜಿನಂತೆ ನುಣುಪಾಗಿದೆ, ಹೀದರ್ ಪೊದೆಗಳ ನಡುವೆ ಜನ ತುಳಿದು ನೆಲ ಬೋಳಾದ ಕಡೆ ದುರಸ್ತಿ ಮಾಡಬೇಕಾಗಿ ಬಂತು. ಆದರೆ ಅದೇ ಲಿಜರ್ಡ್‌ನ ಇನ್ನೊಂದು ಕತೆಯನ್ನೂ ಕೇಳಬೇಕು. ಕೆಂಪು ಕೊಕ್ಕು, ಕೆಂಪು ಕಾಲಿನ ಚಫ್ ಎಂಬ ಕಾಗೆ ಜಾತಿಯ ಹಕ್ಕಿ ಕಾರ್ನ್‌ವಾಲ್‌ನ ಲಾಂಛನದಲ್ಲೇ ಇದೆ. 1973ರಲ್ಲಿ ಅಲ್ಲಿನ ಕೊನೆಯ ಚಫ್ ಸತ್ತಿತು. ಅದು ಹುಳ ಹೆಕ್ಕುವುದು ದನ, ಕುದುರೆ ಮೇಯ್ದು ಗಿಡ್ಡಾದ ಹುಲ್ಲಿನಲ್ಲಿ. ಬಂಡೆಯಂಚಿನ ಮೇಯಿಸುವಿಕೆ ನಿಂತು ಮುಳ್ಳುಪೊದೆ ಬೆಳೆದದ್ದೂ ಅದರ ಅಳಿವಿಗೆ ಒಂದು ಕಾರಣ. ಮೇಯಿಸುವುದನ್ನು ಮತ್ತೆ ಶುರುಮಾಡಿದ ಆ ತೀರಕ್ಕೆ 2001ರಲ್ಲಿ ಚಫ್‌ಗಳು ತಾವಾಗಿಯೇ ಹಾರಿಬಂದವು, ಮರುವರ್ಷ ಮರಿ ಮಾಡಿದವು. ಗೂಡಿಗೆ ಕಾವಲು ಕೂತವರು ಸ್ವಯಂಸೇವಕರು, ಅಂದರೆ ಆ ತೀರವನ್ನು ತಮ್ಮದೆಂದು ತಿಳಿದ ಜನ. ಚಾರಣಿಗರ ಬೂಟಿಗಿಂತ ಹೆಚ್ಚು ಕೆಡಿಸಿದ್ದು ಮೇಯಿಸುವವರಿಲ್ಲದೆ ಬೆಳೆದ ಪೊದೆ.

ಹಾಗಾದರೆ ಡಾರ್ಸೆಟ್‌ನ ಲಲ್‌ವರ್ತ್ ಏನು ಎಂದು ಮರುಪ್ರಶ್ನೆ ಬರುತ್ತದೆ. ಸೇನೆಯ ಟ್ಯಾಂಕುಗಳು ಗುಂಡು ಹಾರಿಸುವ ಆ ಪ್ರದೇಶದಲ್ಲಿ ಕಡಲದಾರಿ ತೆರೆಯುವುದು ಬಹುಪಾಲು ವಾರಾಂತ್ಯ ಮತ್ತು ರಜಾದಿನಗಳಲ್ಲಿ ಮಾತ್ರ. ಉಳುಮೆಯೂ ಇಲ್ಲ, ಕಟ್ಟಡವೂ ಇಲ್ಲ, ಹುಲ್ಲುಗಾವಲು ಸಮೃದ್ಧವಾಗಿದೆ. ನಿಜ. ಆದರೆ 1943ರ ಡಿಸೆಂಬರಿನಲ್ಲಿ ಅಲ್ಲಿನ ಟೈನಮ್ ಹಳ್ಳಿಯವರನ್ನು ಯುದ್ಧದ ನೆಪದಲ್ಲಿ ಎಬ್ಬಿಸಿ ಕಳಿಸಿದರು, ಅವರಿಗೆ ಊರು ಮತ್ತೆ ಸಿಗಲೇ ಇಲ್ಲ. ಜನರನ್ನು ಹೊರಗಿಟ್ಟು ತೀರ ಕಾಯಲು ಒಂದು ಸೇನೆಯೇ ಬೇಕಾಯಿತು. ಆ ಮಾದರಿಯನ್ನು ಬೇರೆ ಕಡೆ ಯಾರೂ ಶಿಫಾರಸು ಮಾಡಲಾರರು.

ನನ್ನ ವಾದವನ್ನು ನಿಜಕ್ಕೂ ಇರಿಯುವ ಆಕ್ಷೇಪ ಬೇರೆ. ನೋಟ ಕೆಡದಂತೆ ಕಾಯ್ದ ಊರುಗಳಲ್ಲಿ ಮನೆಯ ಬೆಲೆ ಗಗನಕ್ಕೇರಿದೆ. ಲಂಡನ್ನಿನವರ ರಜಾಮನೆಗಳು ವರ್ಷದ ಬಹುಪಾಲು ಬೀಗ ಹಾಕಿಕೊಂಡಿರುತ್ತವೆ, ಕಾರ್ನ್‌ವಾಲ್‌ನ ಮೀನುಗಾರರ ಮಕ್ಕಳಿಗೆ ಹುಟ್ಟೂರಿನಲ್ಲಿ ಸೂರಿಲ್ಲ. ನೆಲ ಕಾಯುವ ಟ್ರಸ್ಟಿನ ಬಳಿ ಇದಕ್ಕೆ ಮದ್ದಿಲ್ಲ, ಅದು ವಸತಿ ನೀತಿಯ ಮಾತು. ದಾರಿಯ ಖುಷಿಯ ಬಿಲ್ಲನ್ನು ಯಾರು ಕಟ್ಟುತ್ತಿದ್ದಾರೆ ಎಂಬ ಲೆಕ್ಕವನ್ನು ಮಾತ್ರ ಚಾರಣಪ್ರಿಯರು ಬಚ್ಚಿಡಬಾರದು.

ನಮ್ಮ ಕರಾವಳಿಗೆ ಇದರಿಂದ ಎತ್ತಿಕೊಳ್ಳಬಹುದಾದದ್ದು ಒಂದಿದೆ. 1991ರಿಂದ ಇರುವ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆಗಳು ಅಲೆಯ ಪಕ್ಕ ಏನು ಕಟ್ಟಬಾರದೆಂದು ಮುಖ್ಯವಾಗಿ ಹೇಳುತ್ತವೆ. ತೀರದುದ್ದಕ್ಕೂ ಒಂದು ಕಾಲುದಾರಿಯನ್ನು ಎಳೆಯುವುದು ಅವುಗಳ ಕೆಲಸವಲ್ಲ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್‌ಗೆ ಗುಡ್ಡ ಹತ್ತಿಳಿಯುವ ದಾರಿಯನ್ನು ರಾಜ್ಯದ ಚಾರಣಿಗರೆಲ್ಲ ಬಲ್ಲರು. ಆ ಗುಡ್ಡದ ಸರ್ವೆ ನಂಬರುಗಳ ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳಿದವರು ಕಡಿಮೆ. ಇಂಗ್ಲೆಂಡಿನಲ್ಲಾದರೆ ನೆಪ್ಚೂನ್ ಚಂದಾ ಎತ್ತುವ ಹೊತ್ತಿನಲ್ಲಿ ರೀಡಿಂಗ್ ವಿಶ್ವವಿದ್ಯಾಲಯದ ಭೂಗೋಳದ ಮೇಷ್ಟ್ರು ಜಾನ್ ವಿಟೊ ತಮ್ಮ ವಿದ್ಯಾರ್ಥಿಗಳನ್ನು ತೀರಗುಂಟ ನಡೆಸಿ, ಎಲ್ಲಿ ಏನು ಎದ್ದಿದೆ, ಯಾವುದು ಇನ್ನೂ ಉಳಿದಿದೆ ಎಂದು ನಕ್ಷೆಗಳ ಮೇಲೆ ಗುರುತು ಹಾಕಿಸಿದ್ದರು. ಉಳಿಸಿಕೊಳ್ಳಲು ಯೋಗ್ಯವಾದ ತೀರ ಯಾವುದು ಎಂಬ ಲೆಕ್ಕಕ್ಕೆ ಆ ನಡಿಗೆ ನೆರವಾಯಿತು. ನಮ್ಮದು ಮುನ್ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ತೀರ. ಮಂಗಳೂರಿನಿಂದ ಕಾರವಾರದವರೆಗೆ ಕಾಲೇಜುಗಳಿಗೇನೂ ಬರವಿಲ್ಲ, ಅಂಥ ನಕ್ಷೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ.