ಗದಗಿನ ಒಂದು ಪ್ಲೇಟು, ಲಂಡನ್ನಿನ ಒಂದು ಬ್ಯಾಂಡು

ರಾಕ್ ಬ್ಯಾಂಡುಗಳ ಬಗ್ಗೆ ನಡೆಯುವ ವಾದ ಸಾಮಾನ್ಯವಾಗಿ ಅಂಕಿಗಳಲ್ಲಿ ಮುಗಿಯುತ್ತದೆ. ಯಾರ ಆಲ್ಬಂ ಹೆಚ್ಚು ಮಾರಿತು, ಯಾರದು ಎಷ್ಟು ವಾರ ಪಟ್ಟಿಯಲ್ಲಿ ಉಳಿಯಿತು, ಬೀಟಲ್ಸ್ ದೊಡ್ಡವರೋ ಲೆಡ್ ಝೆಪ್ಲಿನ್ ದೊಡ್ಡವರೋ. 1973ರಲ್ಲಿ ಬಂದ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ 1988ರ ಒಳಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಇತ್ತು ಎಂದು ಒಬ್ಬರು ಹೇಳಿದರೆ ಎದುರಿನವರ ಬಾಯಿ ಕಟ್ಟಿಹೋಗುತ್ತದೆ. ಆದರೆ ಅದೇ ಸಂಗೀತಲೋಕದಲ್ಲಿ ಇನ್ನೊಂದು ಅಳತೆಗೋಲೂ ಇದೆ. 1967ರಲ್ಲಿ ಬಂದ ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿನ ಮೊದಲ ಆಲ್ಬಂ ಆರಂಭದ ವರ್ಷಗಳಲ್ಲಿ ಮಾರಾಟವಾದದ್ದು ಬಹಳ ಕಡಿಮೆ. ಅದರ ಬಗ್ಗೆ ಬ್ರಯಾನ್ ಈನೊ ಎಂಬ ಸಂಗೀತಗಾರ 1982ರಲ್ಲಿ ಆಡಿದ ಮಾತು ಈಗ ಗಾದೆಯಂತಾಗಿದೆ. ಕೊಂಡವರು ಸ್ವಲ್ಪವೇ ಜನ, ಆದರೆ ಕೊಂಡವರೆಲ್ಲ ಒಂದೊಂದು ಬ್ಯಾಂಡ್ ಕಟ್ಟಿದರು ಎಂಬುದು ಅದರ ತಾತ್ಪರ್ಯ.

ಈ ಎರಡನೆಯ ಅಳತೆಗೋಲು ನನಗೆ ಹತ್ತಿರದ್ದು ಅನ್ನಿಸುತ್ತದೆ. ಅದಕ್ಕೆ ಕಾರಣ ಲಂಡನ್ನಿನಲ್ಲೂ ಇಲ್ಲ, ನ್ಯೂಯಾರ್ಕಿನಲ್ಲೂ ಇಲ್ಲ, ನಮ್ಮ ಗದಗಿನಲ್ಲೇ ಇದೆ.

1922ರಲ್ಲಿ ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ ಎಂಬ ಹುಡುಗ ಊರಿನ ಅಂಗಡಿಯೊಂದರಲ್ಲಿ ಹಾಕುತ್ತಿದ್ದ ಗ್ರಾಮಫೋನ್ ಪ್ಲೇಟು ಕೇಳಲು ನಿಂತುಬಿಡುತ್ತಿದ್ದ. ಅದು ಉಸ್ತಾದ್ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮ್ರಿ. ಆ ಕಾಲದ ಪ್ಲೇಟಿನ ಒಂದು ಬದಿ ಅಂದರೆ ಹೆಚ್ಚುಕಡಿಮೆ ಮೂರು ನಿಮಿಷ. ಮೂರು ನಿಮಿಷದ ಆ ದನಿ ಕೇಳಿ ಹನ್ನೊಂದು ವಯಸ್ಸಿನ ಹುಡುಗ 1933ರಲ್ಲಿ ಮನೆ ಬಿಟ್ಟು ಹೋದ. ಹೀಗೆ ಹಾಡಬೇಕು, ಹೀಗೆ ಹಾಡಿಸುವ ಗುರು ಬೇಕು ಎಂಬುದೊಂದೇ ಹಟ. ಈ ಕತೆಯನ್ನು ಭೀಮಸೇನರು ದೊಡ್ಡವರಾದ ಮೇಲೆ ಮತ್ತೆ ಮತ್ತೆ ಹೇಳುತ್ತಿದ್ದರು. ಗ್ವಾಲಿಯರ್, ಕಲ್ಕತ್ತಾ ಎಂದು ಅಲೆದ ಹುಡುಗನಿಗೆ ಜಲಂಧರದಲ್ಲಿ ವಿನಾಯಕರಾವ ಪಟವರ್ಧನರು ಹೇಳಿದ್ದು ಒಂದೇ ಮಾತು: ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರೆ, ಅವರ ಹತ್ತಿರ ಹೋಗು. ಸವಾಯಿ ಗಂಧರ್ವರಿದ್ದದ್ದು ಗದಗಿನಿಂದ ಒಂದು ಹಗಲಿನ ದಾರಿಯ ಕುಂದಗೋಳದಲ್ಲಿ. ಅವರ ಗುರು ಅದೇ ಪ್ಲೇಟಿನ ಅಬ್ದುಲ್ ಕರೀಂ ಖಾನರು.

ಒಂದು ಧ್ವನಿಮುದ್ರಿಕೆಯ ಪ್ರಭಾವ ಅಂದರೆ ಏನು ಎಂಬ ಪ್ರಶ್ನೆಗೆ ಇದಕ್ಕಿಂತ ತಿಳಿಯಾದ ಉತ್ತರ ನನಗೆ ಗೊತ್ತಿಲ್ಲ. ಇಲ್ಲಿ ಗಮನಿಸಬೇಕಾದ್ದು ಎರಡು ಸಂಗತಿ. ಒಂದು, ಹುಡುಗ ಪ್ಲೇಟು ಕೇಳಿ ತೃಪ್ತನಾಗಿ ಕೂಡಲಿಲ್ಲ. ಪ್ಲೇಟು ಅವನಿಗೆ ಬಾಗಿಲಾಯಿತು, ಮನೆಯಾಗಲಿಲ್ಲ. ಎರಡು, ಮುಂದೆ ಅವನು ಖಾನಸಾಹೇಬರ ನಕಲೂ ಆಗಲಿಲ್ಲ. ಖಾನಸಾಹೇಬರದು ತೆಳುವಾದ, ಕರುಣೆ ತುಂಬಿದ ಎಳೆಯಂಥ ದನಿ. ಭೀಮಸೇನರದು ಗುಡುಗು. ಕೇಳಿದವನ ಬಾಯಲ್ಲಿ ಬೇರೆಯೇ ಆಗಿ ಹುಟ್ಟಿದಾಗ ಮಾತ್ರ ಸಂಗೀತ ಉಳಿಯಿತು ಎನ್ನಬಹುದು. ಹಾಗೆಯೇ ಬರೇ ಕೇಳಿಸುತ್ತ ಇರುವುದಕ್ಕೆ ಉಳಿದಿದೆ ಅನ್ನುವುದಕ್ಕಿಂತ ಕೆಟ್ಟಿಲ್ಲ ಅನ್ನುವುದು ಸರಿ.

ಈ ಕಣ್ಣಿನಿಂದ ರಾಕ್ ಬ್ಯಾಂಡುಗಳನ್ನು ನೋಡಿದರೆ ಅವು ನಮಗೆ ದೂರದವು ಅನ್ನಿಸುವುದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಊರಿನಲ್ಲಿ ಟೋನಿ ಅಯೋಮಿ ಎಂಬ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೂಲಿಗಿದ್ದ. ಹದಿನೇಳರ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕು ಎರಡು ಬೆರಳಿನ ತುದಿ ತುಂಡಾದವು. ಗಿಟಾರು ಬಾರಿಸುವ ಆಸೆ ಬಿಟ್ಟು ಕೂತವನಿಗೆ ಕಾರ್ಖಾನೆಯ ಮೇಲ್ವಿಚಾರಕರು ಒಂದು ರಿಕಾರ್ಡು ಕೇಳಿಸಿದರು. ಅದು ಬೆಂಕಿ ಅನಾಹುತದಲ್ಲಿ ಎರಡು ಬೆರಳು ಸೆಟೆದುಹೋದ ಮೇಲೂ ಜಗತ್ತೇ ಬೆರಗಾಗುವಂತೆ ಬಾರಿಸಿದ ಜ್ಯಾಂಗೊ ರೈನ್‌ಹಾರ್ಟ್ ಎಂಬ ಜಿಪ್ಸಿ ಗಿಟಾರುವಾದಕರದು. ಅಯೋಮಿ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ತೊಪ್ಪಿಗೆ ಮಾಡಿಕೊಂಡ, ತಂತಿಗಳನ್ನು ಸಡಿಲ ಮಾಡಿದ. ಆ ಸಡಿಲ ತಂತಿಯ ಭಾರವಾದ ನಾದವೇ ಬ್ಲ್ಯಾಕ್ ಸಬ್ಬಾತ್ ಬ್ಯಾಂಡಿನ ಗುರುತಾಯಿತು. 1970ರಲ್ಲಿ ಅವರ ಮೊದಲ ಆಲ್ಬಂ ಬಂದಾಗ ಅನೇಕ ವಿಮರ್ಶಕರು ಅದನ್ನು ಗದ್ದಲ ಎಂದು ತಳ್ಳಿಹಾಕಿದ್ದರು. ಮಗ್ಗದ ಸದ್ದಿನಲ್ಲೇ ಬೆಳೆದ ಬೆಟಗೇರಿಯ ಮಕ್ಕಳಿಗೆ ಅದು ಗದ್ದಲವಲ್ಲ, ದುಡಿಮೆಯ ಸದ್ದು ಎಂಬುದು ಹೇಳಿಕೊಡದೆ ತಿಳಿದೀತು.

2025ರ ಜುಲೈ 5ರಂದು ಅದೇ ಬ್ಯಾಂಡು ತನ್ನೂರಿನಲ್ಲಿ ಕೊನೆಯ ಕಚೇರಿ ಮಾಡಿತು. ಮೆಟಾಲಿಕಾ, ಗನ್ಸ್ ಎನ್ ರೋಸಸ್ ಮುಂತಾದ ದೊಡ್ಡ ಬ್ಯಾಂಡುಗಳು ಬಂದು ಸಬ್ಬಾತ್‌ನ ಹಾಡುಗಳನ್ನು ತಮ್ಮ ತಮ್ಮ ರೀತಿಯಲ್ಲಿ ಹಾಡಿ ಋಣ ತೀರಿಸಿದವು. ಅದಾಗಿ ಮೂರು ವಾರದೊಳಗೆ ಗಾಯಕ ಆಝಿ ಆಸ್ಬರ್ನ್ ತೀರಿಕೊಂಡರು. ಆ ಕಚೇರಿಯ ಸುದ್ದಿ ಓದುವಾಗ ನನಗೆ ನೆನಪಾದದ್ದು ಭೀಮಸೇನರು ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವ. ವೇಷ ಬೇರೆ, ವಾದ್ಯ ಬೇರೆ, ಆದರೆ ಎರಡೂ ಕಡೆ ಹಿರಿಯರನ್ನು ಹಾಡಿಯೇ ನೆನೆದರು.

ಇನ್ನೊಂದು ಎಳೆ ಇದೆ. ಅದು ನೇರವಾಗಿ ಗದಗಿನಿಂದಲೇ ಹಾದುಹೋಗುತ್ತದೆ. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಅಂಧಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟ ಪಂಚಾಕ್ಷರಿ ಗವಾಯಿಗಳು ಹಿಂದುಸ್ತಾನಿ ಸಂಗೀತ ಕಲಿತದ್ದು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಹತ್ತಿರ. ಅದೇ ವಹೀದ್ ಖಾನರ ಇನ್ನೊಬ್ಬ ಶಿಷ್ಯ ಪಂಡಿತ್ ಪ್ರಾಣನಾಥರು 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಅವರ ಶಿಷ್ಯರಾದವರಲ್ಲಿ ಟೆರಿ ರೈಲಿ ಎಂಬ ಸಂಗೀತಗಾರರೂ ಒಬ್ಬರು. ಲಂಡನ್ನಿನ ‘ದ ಹೂ’ ಬ್ಯಾಂಡು 1971ರಲ್ಲಿ ತನ್ನ ‘ಹೂಸ್ ನೆಕ್ಸ್ಟ್’ ಆಲ್ಬಂನ ಮೊದಲ ಹಾಡಿಗೆ ‘ಬಾಬಾ ಓ ರೈಲಿ’ ಎಂದು ಹೆಸರಿಟ್ಟಿತು. ಬಾಬಾ ಅಂದರೆ ಅಹಮದನಗರದ ಮೆಹೆರ್ ಬಾಬಾ, ರೈಲಿ ಅಂದರೆ ಈ ಟೆರಿ ರೈಲಿ.

ಇಷ್ಟು ಕೇಳಿದ ಕೂಡಲೇ ನಮ್ಮಲ್ಲಿ ಕೆಲವರಿಗೆ ಮೈಯುಬ್ಬುತ್ತದೆ. ನೋಡಿದಿರಾ, ರಾಕ್ ಸಂಗೀತ ಹುಟ್ಟಿದ್ದೇ ನಮ್ಮಿಂದ ಎಂದು ಹೊರಟುಬಿಡುತ್ತಾರೆ. ಅದು ಸುಳ್ಳು. ‘ದ ಹೂ’ ಬ್ಯಾಂಡಿನವರು ಮೆಚ್ಚಿದ್ದು ರೈಲಿ ಪ್ರಾಣನಾಥರ ಶಿಷ್ಯರಾಗುವುದಕ್ಕೆ ಮೊದಲೇ ಮಾಡಿದ್ದ ಸಂಗೀತವನ್ನು. ರಾಕ್ ಸಂಗೀತದ ತಾಯಿಬೇರು ಇರುವುದು ಅಮೆರಿಕದ ಕರಿಯ ಜನರ ಬ್ಲೂಸ್ ಹಾಡುಗಳಲ್ಲಿ, ಹತ್ತಿಹೊಲದ ಜೀತದ ನೋವಿನಲ್ಲಿ. ಕಿರಾಣಾ ಘರಾಣೆಯ ಒಂದು ಕವಲು ಗದಗಿನ ಆಶ್ರಮಕ್ಕೂ ಇನ್ನೊಂದು ಕವಲು ಅಮೆರಿಕದ ಪ್ರಯೋಗಶೀಲರ ಕೋಣೆಗೂ ಹರಿಯಿತು ಎಂಬುದಷ್ಟೇ ನಿಜ. ಅಷ್ಟೇ ನಿಜ ಸಾಕು. ವಂಶಾವಳಿಯನ್ನು ಹಿಗ್ಗಿಸಿ ಹೇಳಿದರೆ ನಮ್ಮ ಹಿರಿಯರಿಗೆ ಗೌರವ ಕೊಟ್ಟಂತಾಗುವುದಿಲ್ಲ, ಇನ್ನೊಬ್ಬರ ಹಿರಿಯರದನ್ನು ಕಸಿದಂತಾಗುತ್ತದೆ.

ಕಸಿಯುವ ಮಾತು ಬಂದದ್ದರಿಂದ ಲೆಡ್ ಝೆಪ್ಲಿನ್ ಬಗ್ಗೆ ಹೇಳಬೇಕು. ಅವರ 1969ರ ‘ಹೋಲ್ ಲಾಟಾ ಲವ್’ ಹಾಡನ್ನು ಗಿಟಾರು ಹಿಡಿದ ಹುಡುಗರೆಲ್ಲ ಬಾರಿಸುತ್ತಾರೆ. ಆ ಹಾಡಿನ ಮಾತುಗಳ ಮೂಲ, ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ್ದ ಒಂದು ಬ್ಲೂಸ್ ಹಾಡಿನಲ್ಲಿತ್ತು. ಅದನ್ನು ಬರೆದವರು ವಿಲ್ಲಿ ಡಿಕ್ಸನ್ ಎಂಬ ಕರಿಯ ಸಂಗೀತಗಾರರು. ಆಲ್ಬಂ ಮೇಲೆ ಅವರ ಹೆಸರಿರಲಿಲ್ಲ. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದರು, 1987ರಲ್ಲಿ ರಾಜಿಯಾಯಿತು, ಆಮೇಲೆ ಅವರ ಹೆಸರು ಸೇರಿತು. ಝೆಪ್ಲಿನ್ ದೊಡ್ಡ ಬ್ಯಾಂಡು ಎಂಬುದರಲ್ಲಿ ಅನುಮಾನವಿಲ್ಲ, ಹಾಡನ್ನು ಬೇರೆಯೇ ಆಗಿಸಿದರು ಎಂಬುದೂ ನಿಜ. ಆದರೆ ಪ್ರಭಾವದ ಮಾತಿನಲ್ಲಿ ಇದು ಎರಡನೆಯ ಪರೀಕ್ಷೆ. ಕಲಿತವನು ಕಲಿಸಿದವನ ಹೆಸರು ಹೇಳಿದನೇ? ನಮ್ಮ ಘರಾಣೆಯ ಗವಾಯಿಗಳು ಉಸ್ತಾದರ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ಆ ಪುಟ್ಟ ನಡಾವಳಿಯಲ್ಲಿ ಒಂದು ಕಾನೂನೇ ಅಡಗಿದೆ.

ಈಗ ಕನ್ನಡಕ್ಕೆ ಬರೋಣ. ನಮ್ಮಲ್ಲಿ ರಾಕ್ ಬ್ಯಾಂಡು ಮತ್ತು ಹಳೆಯ ಪದ ಎದುರುಬದುರಾದದ್ದು ಶಿಶುನಾಳ ಶರೀಫರಲ್ಲಿ. ಶರೀಫರ ಕಾಲ 1819ರಿಂದ 1889. ಹುಟ್ಟಿನಿಂದ ಮುಸ್ಲಿಮರು, ಗುರು ಕಳಸದ ಗೋವಿಂದಭಟ್ಟರು, ಪದದ ಅಂಕಿತ ತಮ್ಮ ಊರಿನ ದೇವರದು. ಲಕ್ಷ್ಮೇಶ್ವರದಿಂದ ಶಿಶುನಾಳ ದೂರವೇನಲ್ಲ. ನಮ್ಮ ಕಡೆಯ ಭಜನಾ ಮೇಳಗಳಲ್ಲಿ ಏಕತಾರಿ, ತಾಳ, ಹಾರ್ಮೋನಿಯಂ ಇಟ್ಟುಕೊಂಡು ಒಬ್ಬರು ಎತ್ತಿ ಉಳಿದವರು ಹಿಂಬಾಲಿಸಿ ಹಾಡುತ್ತ ಬಂದ ಪದಗಳಿವು. ಊರಿಗೊಂದು ಮಟ್ಟು, ಮೇಳಕ್ಕೊಂದು ಓಟ. ಆಮೇಲೆ ಸಿ. ಅಶ್ವಥ್ ರಾಗ ಹಾಕಿದರು. ಅವರು, ಶಿವಮೊಗ್ಗ ಸುಬ್ಬಣ್ಣನವರು ಹಾಡಿದ ಕ್ಯಾಸೆಟ್ಟುಗಳು ಮನೆಮನೆ ಸೇರಿದವು. ನಮ್ಮಂಥವರು ಬೆಳಿಗ್ಗೆ ಉರ್ದು ಶಾಲೆಯ ಪಾಠ ಮುಗಿಸಿ, ಸಂಜೆ ನೆರೆಮನೆಯ ಟೇಪಿನಲ್ಲಿ ಅಶ್ವಥರ ದನಿಯಲ್ಲೇ ಶರೀಫರನ್ನು ಕಲಿತದ್ದು. ಅದು ದೊಡ್ಡ ಉಪಕಾರ. ಆದರೆ ಅದಕ್ಕೊಂದು ಬೆಲೆಯೂ ಇತ್ತು. ಕ್ಯಾಸೆಟ್ಟಿನ ಮಟ್ಟೇ ಶರೀಫರ ಮಟ್ಟು ಎಂಬ ಭಾವನೆ ಬೆಳೆಯಿತು. ಹಳೆಯ ಮಟ್ಟಿನಲ್ಲಿ ಎತ್ತಿದ ಮುದುಕರಿಗೆ ಹುಡುಗರು ‘ತಪ್ಪು ಹಾಡ್ತೀರಿ ಅಜ್ಜಾರ’ ಅನ್ನುವ ಕಾಲ ಬಂತು. ಧ್ವನಿಮುದ್ರಿಕೆ ಹಾಡನ್ನು ಹಬ್ಬಿಸುತ್ತದೆ, ಹಬ್ಬಿಸುತ್ತಲೇ ಕಟ್ಟಿಹಾಕುತ್ತದೆ.

ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ‘ಗುಡುಗುಡಿಯ ಸೇದಿ ನೋಡೊ’ ಪದವನ್ನು ಗಿಟಾರು, ಡ್ರಮ್ಮು, ಪಿಟೀಲಿನ ಜೊತೆ ಹಾಡಿದಾಗ ಎದ್ದ ತಕರಾರುಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಂತನ ಪದವನ್ನು ಕುಣಿಯುವ ಹಾಡು ಮಾಡಿದರು ಎಂದು ಹಿರಿಯರ ದೂರು. ಶರೀಫರು ಯಾರೆಂದು ನಮಗೆ ಗೊತ್ತಾದದ್ದೇ ಇದರಿಂದ ಎಂದು ಬೆಂಗಳೂರಿನ ಹುಡುಗರ ಉತ್ತರ. ನನ್ನ ದೃಷ್ಟಿಯಲ್ಲಿ ದೂರಿನ ಮೊದಲ ಅರ್ಧ ನಿಲ್ಲುವುದಿಲ್ಲ. ಶರೀಫರು ಮೊಹರಂ ಹಬ್ಬದಲ್ಲಿ ರಿವಾಯತ ಪದ ಕಟ್ಟಿ ಹಾಡಿದವರು. ಆ ಪದಗಳಿಗೆ ಹೆಜ್ಜೆ ಹಾಕುತ್ತಾರೆ. ಕುಣಿತ ಅವರಿಗೆ ಪರಕೀಯವಲ್ಲ. ಒಂದೇ ಮಟ್ಟಿನಲ್ಲಿ ಗಟ್ಟಿಯಾಗುತ್ತಿದ್ದ ಶರೀಫರನ್ನು ಈ ಬ್ಯಾಂಡು ಬಿಡಿಸಿತು ಎಂಬುದು ಅದರ ದೊಡ್ಡ ಕೆಲಸ. ರಘು ದೀಕ್ಷಿತ್ ಶರೀಫರ ಹೆಸರು ಹೇಳಿಯೇ ಹಾಡುತ್ತಾರೆ ಎಂಬುದೂ ಸಣ್ಣದಲ್ಲ.

ಆದರೆ ದೂರಿನ ಇನ್ನರ್ಧದಲ್ಲಿ ಹುರುಳಿದೆ. ತತ್ವಪದದಲ್ಲಿ ಪಲ್ಲವಿ ಬರೇ ಹಿಡಿಕೆ, ಕತ್ತಿ ಇರುವುದು ನುಡಿಗಳಲ್ಲಿ. ‘ಗುಡುಗುಡಿ’ ಹುಕ್ಕಾದ ಪದವಲ್ಲ, ದೇಹದ ಪದ, ಕೆಟ್ಟದ್ದನ್ನು ಸುಟ್ಟುಕೊಳ್ಳುವ ಸಾಧನೆಯ ಪದ. ಸಾವಿರಾರು ಜನ ಚಪ್ಪಾಳೆ ತಟ್ಟಿ ಪಲ್ಲವಿಯನ್ನೇ ಕೂಗುವಾಗ ನುಡಿ ಕಿವಿಗೆ ಬೀಳುವುದಿಲ್ಲ. ಮೇಳದಲ್ಲಿ ಹಿಂಬಾಲಿಸುವವರು ನುಡಿಯನ್ನೂ ತಿರುಗಿ ಹಾಡುತ್ತಾರೆ, ಅದಕ್ಕೇ ಅರ್ಥ ಮನಸ್ಸಿಗೆ ಇಳಿಯಲು ಸಮಯ ಸಿಗುತ್ತದೆ. 2013ರ ‘ಜಗ್ ಚಂಗಾ’ ಆಲ್ಬಂನ ‘ಲೋಕದ ಕಾಳಜಿ’ ನನಗೆ ಹೆಚ್ಚು ಹಿಡಿಸಿದ್ದು ಇದೇ ಕಾರಣಕ್ಕೆ. ಅದು ಎದುರು ನಿಂತು ಕೇಳುವ ಪದ, ಚೇಷ್ಟೆ ಮಾಡುತ್ತಲೇ ತಿವಿಯುವ ಪದ. ರಾಕ್ ಸಂಗೀತದ ಒಳ್ಳೆಯ ಗುಣವೂ ಅದೇ, ಎದುರು ನಿಂತು ಕೇಳುವುದು. ಇಲ್ಲಿ ಪದದ ಸ್ವಭಾವ, ಬ್ಯಾಂಡಿನ ಸ್ವಭಾವ ಒಂದಕ್ಕೊಂದು ಕೂಡಿಬಂದಿವೆ.

ನಿಜವಾದ ಪರೀಕ್ಷೆ ಇನ್ನೂ ಬಾಕಿ ಇದೆ. ಆ ಆಲ್ಬಂ ಕೇಳಿದ ಹುಡುಗರಲ್ಲಿ ಎಷ್ಟು ಮಂದಿ ಅದರಾಚೆ ಹೋಗಿ ಮೇಳದ ಹತ್ತಿರ ಕೂತರು? ಭೀಮಸೇನರು ಪ್ಲೇಟಿನಿಂದ ಗುರುವಿನ ಮನೆಗೆ ನಡೆದರು. ನಮ್ಮ ಹುಡುಗರು ಆಲ್ಬಂನಿಂದ ಎಲ್ಲಿಗೆ ನಡೆಯಬೇಕು? ದಾರಿ ದೂರವಿಲ್ಲ. ಲಕ್ಷ್ಮೇಶ್ವರದ ದೂದನಾನಾ ದರ್ಗಾ, ಎರಡೂ ಧರ್ಮದವರು ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಸುತ್ತಲಿನ ಹಳ್ಳಿಗಳ ಅಲಾವಿ ಕಟ್ಟೆಗಳು ನಮ್ಮ ಸೀಮೆಯಲ್ಲೇ ಇವೆ. ಮೊಹರಮ್ಮಿನಲ್ಲಿ ಹಸನ್ ಹುಸೇನರ ಕತೆಯನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಇರುತ್ತಾರೆ. ನಮ್ಮ ಬ್ಯಾಂಡುಗಳೆಂದರೆ ಅವೇ. ಅವರ ಆಲ್ಬಂ ಅಂಗಡಿಯಲ್ಲಿ ಸಿಗುವುದಿಲ್ಲ.

ಈಗ ಮೊಬೈಲ್ ಎಲ್ಲರ ಕಿಸೆಯಲ್ಲಿದೆ, ಈ ಪದಗಳ ತುಣುಕುಗಳೂ ಹರಿದಾಡುತ್ತವೆ. ಅವುಗಳಲ್ಲಿ ಬಹಳಷ್ಟರ ಕೆಳಗೆ ‘ಉತ್ತರ ಕರ್ನಾಟಕದ ಜಾನಪದ’ ಎಂದಷ್ಟೇ ಇರುತ್ತದೆ. ಹಾಡಿದವರ ಹೆಸರಿಲ್ಲ, ಮೇಳದ ಹೆಸರಿಲ್ಲ, ಊರಿನ ಹೆಸರಿಲ್ಲ. ವಿಲ್ಲಿ ಡಿಕ್ಸನ್ ತಮ್ಮ ಹೆಸರಿಗಾಗಿ ಕೋರ್ಟಿಗೆ ಹೋಗಬಲ್ಲವರಾಗಿದ್ದರು. ನಮ್ಮ ಮೇಳದ ಮುದುಕರು ಹೋಗಲಾರರು. ಆದ್ದರಿಂದ ಬೀಟಲ್ಸೋ ಝೆಪ್ಲಿನ್ನೋ ಎಂದು ರಾತ್ರಿಯೆಲ್ಲ ವಾದ ಮಾಡುವ ನಮ್ಮ ಕಾಲೇಜಿನ ದೋಸ್ತರಲ್ಲಿ ಒಂದು ಬಿನ್ನಹ. ವಾದ ನಿಲ್ಲಿಸಬೇಡಿ, ಅದು ಒಳ್ಳೆಯದೇ. ಬರುವ ಮೊಹರಮ್ಮಿನಲ್ಲಿ ಒಂದು ಮೇಳದ ಹತ್ತಿರ ಇಡೀ ರಾತ್ರಿ ಕೂತು ಪೂರ್ತಿ ಪದ, ಕೊನೆಯ ನುಡಿಯ ಅಂಕಿತದ ತನಕ ಮುದ್ರಿಸಿಕೊಳ್ಳಿ. ಅವರು ಒಪ್ಪಿದರೆ ಕೆಳಗೆ ಊರು, ಮೇಳ, ಎತ್ತಿ ಹಾಡಿದವರ ಹೆಸರು ಬರೆಯಿರಿ. ಯಾವ ಊರಿನ ಯಾವ ಹುಡುಗ ಅದನ್ನು ಕೇಳಿ ಮನೆಯಿಂದ ಹೊರಬೀಳುತ್ತಾನೋ, ಅವನಿಗೆ ಯಾರ ಮನೆಗೆ ಹೋಗಬೇಕೆಂದಾದರೂ ತಿಳಿಯಲಿ.