ರಾಗಿಯೋ, ಆಗಿಯೋ?

ಪುರಂದರದಾಸರ ‘ರಾಗಿ ತಂದೀರಾ’ ಪದವನ್ನು ಕಿವಿಯಿಂದ ಕೇಳುವಾಗ ಇಲ್ಲದ ತಂಟೆ ಅಚ್ಚಿಗೆ ಕೂರಿಸುವಾಗ ಶುರುವಾಗುತ್ತದೆ. ಪಲ್ಲವಿಯಲ್ಲಿ ಭಿಕ್ಷೆಗೆ ಬಂದವರು ಕೇಳುವುದು ಧಾನ್ಯ. ಚರಣಗಳಲ್ಲಿ ಸಾಲುಗಟ್ಟಿ ಬರುವುದು ‘ಆಗಿ’ ಎಂದು ಮುಗಿಯುವ ಮಾತುಗಳು. ನನ್ನದೇ ಉದಾಹರಣೆ ಕೊಡುವುದಾದರೆ, ‘ಮಾನ್ಯರಾಗಿ’. ‘ಮಾನ್ಯರು ಆಗಿ’ ಎಂದು ಬಿಡಿಸಿದರೆ ಮನುಷ್ಯರ ಗುಣ, ‘ಮಾನ್ಯ ರಾಗಿ’ ಎಂದು ಬಿಡಿಸಿದರೆ ಮೊರದಲ್ಲಿರುವ ಕಾಳು. ಹಾಡುವ ಬಾಯಿಗೆ ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. ಈ ಶ್ಲೇಷೆ ಎಲ್ಲರಿಗೂ ಗೊತ್ತಿರುವುದೇ. ಅಷ್ಟಾಗಿ ಗಮನಕ್ಕೆ ಬಾರದ್ದು ಮೂರನೆಯ ಅರ್ಥ. ಕನ್ನಡದ ‘ಆಗಿ’ ಕೃದಂತವೂ ಹೌದು, ‘ನೀವು’ ಎಂಬವರಿಗೆ ಹೇಳುವ ವಿಧಿರೂಪವೂ ಹೌದು. ಅದರ ಮುಂದೆ ಅಲ್ಪವಿರಾಮ ಹಾಕಿದರೆ ಮಾತು ಇನ್ನೂ ಮುಗಿದಿಲ್ಲ, ಮಾನ್ಯರಾಗಿದ್ದುಕೊಂಡು ಮುಂದೇನೋ ಮಾಡಬೇಕು. ಪೂರ್ಣವಿರಾಮ ಹಾಕಿದರೆ ಅಲ್ಲಿಗೇ ಅಪ್ಪಣೆಯಾಯಿತು. ಜೋಳಿಗೆ ಚಾಚಿದವರೇ ಮನೆಯವರಿಗೆ ಅಪ್ಪಣೆ ಕೊಡುವ ಸೊಗಸು ಅದು.

ತಾಳೆಗರಿಯಲ್ಲಿ ಈ ಜಗಳ ಇರಲಿಲ್ಲ; ಅಲ್ಲಿ ಪದಗಳ ನಡುವೆ ತೆರಪೇ ಇಲ್ಲ, ಇನ್ನು ಅಲ್ಪವಿರಾಮ ಎಲ್ಲಿಯದು? 1850ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಅಚ್ಚಿನ ಪುಟಕ್ಕೆ ಬಂದ ಹಾಡನ್ನು ಎಲ್ಲಿ ಕೂಡಿಸಬೇಕು, ಎಲ್ಲಿ ಬಿಡಿಸಬೇಕು ಎಂದು ಯಾರಾದರೂ ತೀರ್ಮಾನಿಸಲೇಬೇಕು. ಆ ತೀರ್ಮಾನ ಪಠ್ಯವಲ್ಲ, ವ್ಯಾಖ್ಯಾನ ಎಂಬುದು ನನ್ನ ಪಕ್ಷ. ಬಿಡಿಸಿ ಬರೆಯದಿದ್ದರೆ ಹೊಸಬರಿಗೆ ಶ್ಲೇಷೆ ತಿಳಿಯದು ಎನ್ನುವವರಿದ್ದಾರೆ. ಸರಿ, ಅದಕ್ಕೆ ಅಡಿಟಿಪ್ಪಣಿ ಇದೆಯಲ್ಲ. ‘ರಾಗಿ’ಗೆ ಮುಂಚೆ ಬೇಕೆಂದೇ ಉಸಿರು ಕಡಿದು ಒತ್ತಿ ಹಾಡುವ ಗಾಯಕರಿಗೂ ಇದೇ ಮಾತು: ನಗೆಹನಿಯನ್ನು ಹೇಳಿದವರೇ ಬಿಡಿಸಿ ಹೇಳಬಾರದು.

ಇನ್ನೊಂದು ಆಕ್ಷೇಪ ಗಟ್ಟಿಯದು. ಸಂಧಿಗಳೇ ತುಂಬಿದ ನುಡಿಯಲ್ಲಿ ಹೀಗೆ ಒಡೆಯುತ್ತ ಕೂತರೆ ಯಾವ ಹಾಡಿನಲ್ಲಿ ಏನು ತಾನೇ ಸಿಗದು? ನಿಜ, ಆಕಸ್ಮಿಕ ಶ್ಲೇಷೆಗಳಿಗೆ ಬರವಿಲ್ಲ. ಆದರೆ ಇಲ್ಲಿ ಪಲ್ಲವಿಯೇ ಸಾಕ್ಷಿ. ಚರಣ ಮುಗಿದೊಡನೆ ಹಾಡು ಅಲ್ಲಿಗೆ ಮರಳುತ್ತದೆ. ಮರಳಿದಾಗಲೆಲ್ಲ ‘ರಾಗಿ’ ಬಿಡಿಯಾಗಿ, ಧಾನ್ಯವಾಗಿಯೇ ಕಿವಿಗೆ ಬಿದ್ದು, ಆಗಷ್ಟೇ ಕೇಳಿದ ‘ಆಗಿ’ಗಳಿಗೆಲ್ಲ ತನ್ನ ಬಣ್ಣ ಹಚ್ಚುತ್ತದೆ. ಧಾನ್ಯವನ್ನು ತೆಗೆದರೆ ಪಲ್ಲವಿ ಅನಾಥ, ಗುಣವನ್ನು ತೆಗೆದರೆ ಚರಣಗಳು ದಿನಸಿ ಅಂಗಡಿಯ ಚೀಟಿ. ಅಪ್ಪಣೆಯ ಅರ್ಥಕ್ಕೆ ಇಷ್ಟು ಬಲವಾದ ಸಾಕ್ಷಿಯಿಲ್ಲವೆಂದು ಒಪ್ಪುತ್ತೇನೆ. ಆದರೂ ಹಾಡಿನಲ್ಲಿಲ್ಲದ ಅಲ್ಪವಿರಾಮವೊಂದನ್ನು ತಂದಿಟ್ಟು ಅದನ್ನು ಬಾಗಿಲಿನಿಂದಾಚೆ ಕಳಿಸಲಾಗದು.