ಅಲ್ಪಖ್ಯಾತ ಉಮೇದುವಾರರೂ ಪ್ರಾದೇಶಿಕ ಪಕ್ಷವೂ: ಹುಣಸೂರು ಸೀಮೆಯ ಚುನಾವಣೆಗಳ ಒಂದು ವಿಮರ್ಶೆ

ಚುನಾವಣೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಹೆಸರುಗಳನ್ನು ಸಾಲಾಗಿ ಜೋಡಿಸಿ ತೃಪ್ತರಾಗುತ್ತಾರೆ. ಸೋತವರಲ್ಲಿ ಪ್ರಸಿದ್ಧರಾದವರಿಗೆ ಒಂದೆರಡು ವಾಕ್ಯಗಳು ದೊರೆಯುವುದುಂಟು. ಗೆಲವೂ ಇಲ್ಲದೆ ಪ್ರಸಿದ್ಧಿಯೂ ಇಲ್ಲದೆ ಹೋದ ಉಮೇದುವಾರನಿಗಾದರೋ ಅಂಕಿಗಳ ಪಟ್ಟಿಯಲ್ಲಿ ಒಂದು ಸಾಲಿನ ಹೊರತು ಬೇರೆ ಸ್ಥಾನವಿಲ್ಲ. ಈ ರೂಢಿ ಉಳಿದ ಪಕ್ಷಗಳ ವಿಷಯದಲ್ಲಿ ಅಷ್ಟು ಹಾನಿಕರವಲ್ಲದಿರಬಹುದು. ಪ್ರಾದೇಶಿಕ ಪಕ್ಷದ ವಿಷಯದಲ್ಲಿ ಮಾತ್ರ ಅದು ನಮ್ಮನ್ನು ತಪ್ಪು ನಿರ್ಣಯಕ್ಕೆ ಒಯ್ಯುತ್ತದೆ. ಪ್ರಸಿದ್ಧನಾದವನು ನಿಂತಾಗ ಮತ ಬಿದ್ದುದು ವ್ಯಕ್ತಿಗೋ ಪಕ್ಷಕ್ಕೋ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ಅಷ್ಟಾಗಿ ಹೆಸರಿಲ್ಲದವನು ನಿಂತಾಗ ಪಕ್ಷದ ಸ್ವಂತ ಬಲವೆಷ್ಟೆಂಬುದು ತಕ್ಕಮಟ್ಟಿಗೆ ಹೊರಬೀಳುತ್ತದೆ. ಈ ಮಾತನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಲ್ಲಿ ಹೊಗೆಸೊಪ್ಪಿನ ಬೇಸಾಯ, ಕೃಷ್ಣರಾಜನಗರದಲ್ಲಿ ಕಾವೇರಿ ನಾಲೆಗಳ ಬತ್ತ. ಸಂತೆ, ಜಾತ್ರೆ, ನೆಂಟಸ್ತಿಕೆಗಳಲ್ಲಿ ಒಂದೇ ಸೀಮೆಯಾಗಿರುವ ಈ ಪ್ರದೇಶ ಲೋಕಸಭೆಯ ಲೆಕ್ಕದಲ್ಲಿ ಮಾತ್ರ ಮೂರು ಪಾಲಾಗಿದೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ವಿಂಗಡಣೆಯ ಪ್ರಕಾರ ಹುಣಸೂರು, ಪಿರಿಯಾಪಟ್ಟಣಗಳು ಮೈಸೂರಿಗೂ, ಕೃಷ್ಣರಾಜನಗರ ಮಂಡ್ಯಕ್ಕೂ, ಹೆಗ್ಗಡದೇವನಕೋಟೆ ಚಾಮರಾಜನಗರಕ್ಕೂ ಸೇರಿವೆ. ಆದಕಾರಣ ಒಬ್ಬ ಲೋಕಸಭಾ ನಾಯಕನ ಪ್ರಭಾವದ ನೆರಳಿನಲ್ಲಿ ನಾಲ್ಕು ಕಡೆಯೂ ಮತ ಪಡೆಯುವುದು ಸಾಧ್ಯವಿಲ್ಲ.

ಪ್ರಾದೇಶಿಕ ಪಕ್ಷವೆಂಬುದು ಹುಣಸೂರಿಗೆ ಹೊರಗಿನಿಂದ ಬಂದುದಲ್ಲ. ಆ ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು 1952ರಲ್ಲಿ ಹುಣಸೂರಿನಿಂದ ಶಾಸನಸಭೆಯನ್ನು ಪ್ರವೇಶಿಸಿ, ಎಂಬತ್ತರ ದಶಕದ ಆರಂಭದ ಹೊತ್ತಿಗೆ ಕಾಂಗ್ರೆಸ್ಸಿನ ಮುಖ್ಯ ಪ್ರವಾಹದಿಂದ ಬೇರ್ಪಟ್ಟು ಕರ್ನಾಟಕ ಕ್ರಾಂತಿರಂಗವನ್ನು ಕಟ್ಟಿದರು. 1982ರ ಜೂನ್ 6ರಂದು ಅವರು ತೀರಿಕೊಂಡರು. 1983ರ ಚುನಾವಣೆಯನ್ನು ಕ್ರಾಂತಿರಂಗವು ಜನತಾ ಪಕ್ಷದೊಡನೆ ಕೂಡಿ ಎದುರಿಸಿತು. ಹುಣಸೂರಿನಲ್ಲಿ ಅರಸರ ಮಗಳು ಚಂದ್ರಪ್ರಭಾ ಅರಸು ಅವರು ಗೆದ್ದರು. ಚುನಾವಣಾ ಆಯೋಗದ ಲೆಕ್ಕದಲ್ಲಿ ಆ ವರ್ಷ ಈ ಪಾಳೆಯಕ್ಕೆ ಬಂದ 95 ಸ್ಥಾನಗಳೂ ಜನತಾ ಪಕ್ಷದ ಹೆಸರಿನಲ್ಲೇ ಇವೆ. ಇದರ ಪರಿಣಾಮವೇನೆಂದರೆ, ಕ್ರಾಂತಿರಂಗದಲ್ಲಿ ಹೆಸರಿದ್ದವರು ಬೇರೆ ಕಾರಣಗಳಿಂದ ಇತಿಹಾಸದಲ್ಲಿ ಉಳಿದರು. ಹೆಸರಿಲ್ಲದ ಉಮೇದುವಾರರು ತಮ್ಮ ಪಕ್ಷದ ಗುರುತಿನೊಡನೆಯೇ ದಾಖಲೆಯಿಂದ ಮರೆಯಾದರು.

1999ರಲ್ಲಿ ಜನತಾದಳ ಒಡೆದಾಗ ಎಚ್. ಡಿ. ದೇವೇಗೌಡರ ನೇತೃತ್ವದಲ್ಲಿ ಹುಟ್ಟಿದ ಜಾತ್ಯತೀತ ಜನತಾದಳವು ಹೆಸರಿನಲ್ಲಿ ಪ್ರಾದೇಶಿಕವಲ್ಲದಿದ್ದರೂ ವ್ಯವಹಾರದಲ್ಲಿ ಪ್ರಾದೇಶಿಕವೇ. 2018ರಲ್ಲಿ ಹುಣಸೂರಿನಲ್ಲಿ ಅದರ ಉಮೇದುವಾರರು ಅಡಗೂರು ಎಚ್. ವಿಶ್ವನಾಥ್. ಇವರು ಕೃಷ್ಣರಾಜನಗರದ ಕಡೆಯವರು. ಕಾಂಗ್ರೆಸ್ಸಿನಲ್ಲಿ ಮಂತ್ರಿಗಳೂ ಲೋಕಸಭಾ ಸದಸ್ಯರೂ ಆಗಿದ್ದು 2017ರಲ್ಲಿ ದಳಕ್ಕೆ ಬಂದವರು. ಅವರಿಗೆ 91,667 ಮತಗಳು ಬಂದು, ಕಾಂಗ್ರೆಸ್ಸಿನ ಎಚ್. ಪಿ. ಮಂಜುನಾಥ್ ಅವರ ಮೇಲೆ 8,575 ಮತಗಳ ಅಂತರದಿಂದ ಗೆಲವು ದೊರೆಯಿತು. ಮರುವರ್ಷ ಅವರು ಪಕ್ಷವನ್ನು ತೊರೆದು, ಅನರ್ಹತೆಗೆ ಒಳಗಾಗಿ, 2019ರ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ನಿಂತರು. ದಳವು ಆಗ ನಿಲ್ಲಿಸಿದುದು ರಾಜ್ಯಕ್ಕೆ ಅಷ್ಟಾಗಿ ಪರಿಚಯವಿಲ್ಲದ ದೇವರಹಳ್ಳಿ ಸೋಮಶೇಖರ್ ಅವರನ್ನು. ಮಂಜುನಾಥ್ ಅವರು 39,727 ಮತಗಳ ಅಂತರದಿಂದ ಗೆದ್ದರು; ವಿಶ್ವನಾಥ್ ಅವರಿಗೆ ಸುಮಾರು 53,000, ಸೋಮಶೇಖರ್ ಅವರಿಗೆ ಸುಮಾರು 33,000 ಮತಗಳು ಬಂದವು.

ಈ 33,000ವನ್ನು ಹೇಗೆ ಓದಬೇಕು? ಮೂರನೆಯ ಸ್ಥಾನಕ್ಕೆ ಕುಸಿದ ಪಕ್ಷದ ಹೀನಾಯವಾದ ಸೋಲೆಂದು ಓದುವುದು ಸುಲಭ. ಅಂದು ಚುನಾವಣೆ ನಡೆದ 15 ಕ್ಷೇತ್ರಗಳಲ್ಲಿ ಒಂದರಲ್ಲಿಯೂ ದಳ ಗೆಲ್ಲಲಿಲ್ಲವಾದ್ದರಿಂದ ಈ ಓದಿಗೆ ಬೆಂಬಲವೂ ಇದೆ. ಆದರೆ ಇತಿಹಾಸದ ಅಭ್ಯಾಸಿ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗೆದ್ದಿದ್ದವರು ಪಕ್ಷ ಬಿಟ್ಟಿದ್ದರು; ಪಕ್ಷ ಪಾಲುಗೊಂಡಿದ್ದ ಸರ್ಕಾರ ಅದೇ ವರ್ಷದ ಜುಲೈನಲ್ಲಿ ಬಿದ್ದಿತ್ತು; ಹುಣಸೂರಿನಲ್ಲಿ ಹಿಂದೆ ದಳದಿಂದ ಗೆದ್ದಿದ್ದ ಜಿ. ಟಿ. ದೇವೇಗೌಡರು ಪಕ್ಷದಿಂದ ದೂರ ಸರಿದು ನಿಂತಿದ್ದರು. ಇಷ್ಟೆಲ್ಲ ಪ್ರತಿಕೂಲಗಳ ನಡುವೆಯೂ, 2018ರ ಮತಗಳ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಎನ್ನಬಹುದಾದಷ್ಟು ಮತಗಳು ತೆನೆ ಹೊತ್ತ ಮಹಿಳೆಯ ಗುರುತಿಗೆ ಬಿದ್ದವು. ಇದು ಪಕ್ಷದ ಪೂರ್ಣ ಬಲವೆಂದು ನಾವು ಹೇಳುತ್ತಿಲ್ಲ. ಪಕ್ಷಾಂತರಿಯನ್ನು ಸೋಲಿಸಬೇಕೆಂದು ದಳದ ಮತದಾರರಲ್ಲಿ ಕೆಲವರು ಕಾಂಗ್ರೆಸ್ಸಿಗೆ ಮತವಿತ್ತಿರಬಹುದು. ಆದುದರಿಂದ ಆ ಸಂಖ್ಯೆಯನ್ನು ಪಕ್ಷದ ಮೇಲ್ಮಿತಿಯೆಂದಲ್ಲ, ತಳಮಟ್ಟವೆಂದು ತಿಳಿಯುವುದು ಯುಕ್ತ. ಮನೆ ಕಟ್ಟುವವನಿಗೆ ತಳಪಾಯದ ಆಳ ತಿಳಿಯಬೇಕಾದಂತೆ, ಪಕ್ಷದ ಇತಿಹಾಸ ಬರೆಯುವವನಿಗೆ ಈ ತಳಮಟ್ಟ ತಿಳಿಯಬೇಕು. ಅದನ್ನು ತಿಳಿಸಿಕೊಟ್ಟವರು ವಿಜೇತರಲ್ಲ, ಸೋತ ಅಲ್ಪಖ್ಯಾತ ಉಮೇದುವಾರರು.

ಈ ಸೀಮೆಯ ಫಲಿತಾಂಶಗಳೆಲ್ಲವೂ ಜಾತಿಯ ಲೆಕ್ಕಾಚಾರದಿಂದ ವಿವರಣೆಗೆ ನಿಲುಕುತ್ತವೆಂಬ ವಾದವೊಂದುಂಟು. ಆ ಲೆಕ್ಕಾಚಾರವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಅದೊಂದೇ ಸಾಕೆನ್ನುವುದೂ ಸಾಧ್ಯವಿಲ್ಲ. ಹೆಗ್ಗಡದೇವನಕೋಟೆಯು 2008ರಿಂದ ಪರಿಶಿಷ್ಟ ಪಂಗಡಗಳಿಗೆ ಮೀಸಲಾದ ಕ್ಷೇತ್ರ. ಅಲ್ಲಿ 2013ರಲ್ಲಿ ದಳದಿಂದ ಗೆದ್ದವರು ಎಸ್. ಚಿಕ್ಕಮಾದು, ಎದುರಾಳಿ ಕಾಂಗ್ರೆಸ್ಸಿನ ಚಿಕ್ಕಣ್ಣ. 2018ರ ಹೊತ್ತಿಗೆ ಚಿಕ್ಕಮಾದು ಅವರು ತೀರಿಕೊಂಡಿದ್ದು, ಅವರ ಮಗ ಅನಿಲ್ ಕಾಂಗ್ರೆಸ್ಸಿನಿಂದಲೂ, ಚಿಕ್ಕಣ್ಣನವರು ದಳದಿಂದಲೂ ನಿಂತರು, ಅನಿಲ್ ಗೆದ್ದರು. 2023ರಲ್ಲಿ ಚಿಕ್ಕಣ್ಣನವರ ಮಗ ಜಯಪ್ರಕಾಶ್ ದಳದ ಉಮೇದುವಾರರಾಗಿ ಅನಿಲ್ ಅವರೆದುರು ಸೋತರು. ಉಮೇದುವಾರರೆಲ್ಲ ಮೀಸಲು ವರ್ಗದವರೇ ಆಗಿರುವ ಇಲ್ಲಿ ಜಾತಿಗಿಂತ ಎದ್ದು ಕಾಣುವುದು ಮನೆತನ. ಎರಡು ಮನೆಗಳು ಸ್ಥಿರವಾಗಿ ನಿಂತು ಪಕ್ಷಗಳು ಅವುಗಳ ನಡುವೆ ಅದಲುಬದಲಾದವು. ಇಂತಹ ಕಡೆ ಪಕ್ಷವು ತನ್ನವನೆನ್ನಬಹುದಾದ ಒಬ್ಬ ಹೊಸಬನನ್ನು ಬೆಳೆಸಿತೇ ಎಂಬ ಪ್ರಶ್ನೆ ಉಳಿಯುತ್ತದೆ.

ಪಿರಿಯಾಪಟ್ಟಣದ ಕಥೆ ಬೇರೆ. ಅಲ್ಲಿ ದಳದ ಕೆ. ಮಹದೇವ್ ಅವರು 2013ರಲ್ಲಿ ಕಾಂಗ್ರೆಸ್ಸಿನ ಕೆ. ವೆಂಕಟೇಶ್ ಅವರೆದುರು ಸೋತರು. ಪಕ್ಷ ಅವರನ್ನು ಕೈಬಿಡಲಿಲ್ಲ. 2018ರಲ್ಲಿ ಅದೇ ಎದುರಾಳಿಯನ್ನು ಸೋಲಿಸಿ ಅವರು ವಿಧಾನಸಭೆಗೆ ಹೋದರು. 2023ರಲ್ಲಿ ಮತ್ತೆ ವೆಂಕಟೇಶ್ ಅವರೇ ಗೆದ್ದರು. ಸೋತವನನ್ನು ಮತ್ತೊಮ್ಮೆ ನಿಲ್ಲಿಸುವ ತಾಳ್ಮೆ ಪಕ್ಷಕ್ಕಿದ್ದರೆ ಹೆಸರಿಲ್ಲದವನಿಗೂ ಹೆಸರು ಬರುತ್ತದೆಂಬುದಕ್ಕೆ ಇದು ಸಾಕ್ಷಿ.

ಹುಣಸೂರಿನಲ್ಲಿ ಆ ತಾಳ್ಮೆ ಕಾಣಲಿಲ್ಲ. 2023ರಲ್ಲಿ ದಳವು ನಿಲ್ಲಿಸಿದುದು ಜಿ. ಟಿ. ದೇವೇಗೌಡರ ಮಗ ಜಿ. ಡಿ. ಹರೀಶ್ ಗೌಡರನ್ನು. ಅವರು 2,412 ಮತಗಳ ಅಲ್ಪ ಅಂತರದಿಂದ ಗೆದ್ದರು. ಗೆಲವಿನ ದೃಷ್ಟಿಯಿಂದ ಈ ಆಯ್ಕೆಯನ್ನು ತಪ್ಪೆನ್ನುವಂತಿಲ್ಲ. ಅದೇ ವರ್ಷ ಕೃಷ್ಣರಾಜನಗರದಲ್ಲಿ ಮೂರು ಬಾರಿ ಗೆದ್ದಿದ್ದ ಸಾ. ರಾ. ಮಹೇಶ್ ಅವರೇ ಸೋತರೆಂಬುದನ್ನು ನೆನೆದರೆ ಹುಣಸೂರಿನ ಗೆಲವಿನ ಬೆಲೆ ಇನ್ನೂ ಹೆಚ್ಚುತ್ತದೆ. ಆದರೆ ಪ್ರದೇಶದ ಹೆಸರಿನಲ್ಲಿ ಮಾತನಾಡುವ ಪಕ್ಷಕ್ಕೆ ಗೆಲವೊಂದೇ ಅಳತೆಗೋಲಾಗಲಾರದು. ಪ್ರಸಿದ್ಧರು ಬಿಟ್ಟುಹೋದಾಗ ಮಾತ್ರ ಊರಿನವನನ್ನು ಕರೆದು, ಪ್ರಸಿದ್ಧರ ಮನೆಯವರು ದೊರೆತೊಡನೆ ಅವನನ್ನು ಪಕ್ಕಕ್ಕೆ ಸರಿಸುವುದಾದರೆ, ‘ಪ್ರಾದೇಶಿಕ’ ಎಂಬ ವಿಶೇಷಣಕ್ಕೆ ಅರ್ಥವೇನು? ಪ್ರದೇಶವು ಪಕ್ಷದ ಮೂಲಕ ಮಾತನಾಡುವುದು ಇಂತಹ ಉಮೇದುವಾರರ ಬಾಯಿಂದಲೇ ಅಲ್ಲವೆ? ಅವರಿಗೆ ಎರಡನೆಯ ಅವಕಾಶವನ್ನು ಕೊಡದ ಪಕ್ಷವು ಮನೆತನಗಳ ಒಕ್ಕೂಟವಾಗಿ ಉಳಿದೀತೇ ಹೊರತು ಪ್ರದೇಶದ ಸಂಸ್ಥೆಯಾಗಿ ಬೆಳೆಯಲಾರದು.

ಇಷ್ಟು ಹೇಳಿದ ಮೇಲೆ ನಮ್ಮ ಮೇಲಿನ ಹೊಣೆಯನ್ನೂ ಮರೆಯಬಾರದು. ಆಯೋಗದ ವರದಿಗಳಲ್ಲಿ ಪ್ರತಿಯೊಬ್ಬ ಉಮೇದುವಾರನ ಮತಸಂಖ್ಯೆಯೂ ಸಿಗುತ್ತದೆ. ಅವನು ಯಾವ ಹಳ್ಳಿಗೆ ಹೋದನು, ಏನು ಹೇಳಿದನು, ಖರ್ಚಿಗೆ ಹೊಲವನ್ನು ಮಾರಿದನೋ ಸಾಲ ಮಾಡಿದನೋ, ಸೋತ ಮೇಲೆ ಊರಿನವರು ಅವನನ್ನು ಹೇಗೆ ಕಂಡರು ಎಂಬುದು ಅಲ್ಲಿ ಸಿಗದು. ಕರಪತ್ರಗಳು ಚುನಾವಣೆ ಮುಗಿದ ತಿಂಗಳಲ್ಲೇ ಚದುರಿಹೋಗುತ್ತವೆ. ನೆನಪುಗಳು ಒಂದು ತಲೆಮಾರಿನಲ್ಲಿ ಮಾಸುತ್ತವೆ. ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗಳು ತಮ್ಮ ತಮ್ಮ ಹೋಬಳಿಯಲ್ಲಿ ಸೋತ ಒಬ್ಬೊಬ್ಬ ಉಮೇದುವಾರರನ್ನು ಕಂಡು, ಕೇಳಿ, ಬರೆದಿಟ್ಟರೆ, ಗೆದ್ದವರ ಪಟ್ಟಿಯಿಂದ ಎಂದೂ ಹುಟ್ಟಲಾರದ ಇತಿಹಾಸವೊಂದು ನಮಗೆ ದೊರೆಯುತ್ತದೆ. ಕ್ರಾಂತಿರಂಗದ ಉಮೇದುವಾರರ ವಿಷಯದಲ್ಲಿ ಈಗಾಗಲೇ ಬಹಳ ತಡವಾಗಿದೆ. ದಳದವರ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ.